ಬುಷ್ ಚೆನ್ನಾಗೇ ಇತ್ತು

ಗ್ರೈಂಡಿಂಗ್ ಮೆಷಿನ್ನಿಗೆ ಕೂಲಂಟ್ (ತಂಪು ಮಾಡುವ ದ್ರವ) ಹರಿಸುವ ಪಂಪ್ ಹೋದ ಸಲ ಕಿರುಗುಟ್ಟಿದಾಗ ಬಿಚ್ಚಿದವನು ನಾನೇ. 58 ಎಚ್‌ಆರ್‌ಸಿಗೆ (ರಾಕ್‌ವೆಲ್ ಗಡಸುತನದ ಅಳತೆ) ಹಾರ್ಡನ್ ಮಾಡಿದ ಸ್ಟೀಲ್ ಶಾಫ್ಟ್ ಸವೆದಿತ್ತು, ಅದನ್ನು ಸುತ್ತ ಹಿಡಿದಿದ್ದ ಬುಷ್, ಅಂದರೆ ಗನ್‌ಮೆಟಲ್ ಎಂಬ ಮೆತ್ತನೆಯ ತಾಮ್ರದ ಮಿಶ್ರಲೋಹದ ಬಳೆ, ಹೆಚ್ಚುಕಡಿಮೆ ಹಾಗೇ ಇತ್ತು. ಮೆತ್ತಗಿದ್ದವನಿಗೆ ಒಂದು ಗುದ್ದು ಹೆಚ್ಚು ಅಂತಾರೆ, ಇಲ್ಲಿ ಉಲ್ಟಾ. ಶಾಫ್ಟಿನ ಮಾಲೇ ಸರಿಯಿಲ್ಲ ಎಂದು ಬೈದು, ಹೊಸ ಶಾಫ್ಟ್ ಹಾಕಿ, "ಚೆನ್ನಾಗಿರೋ ಬುಷ್ ಯಾಕೆ ಬಿಸಾಕೋದು" ಅಂತ ಹಳೆಯದನ್ನೇ ಕೂರಿಸಿದೆ.

ಮೊನ್ನೆ ಮತ್ತೆ ಅದೇ ಸದ್ದು. ಶಾಫ್ಟಿನ ಮೇಲೆ, ಬುಷ್ ಕೂರುವಷ್ಟೇ ಅಗಲಕ್ಕೆ, ಗ್ರಾಮಫೋನ್ ತಟ್ಟೆಯಂಥ ಗೆರೆಗಳು. ಉಗುರಾಡಿಸಿದರೆ ತಡೆಯುತ್ತಿತ್ತು. ಮೈಕ್ರೋಮೀಟರ್ ಹಿಡಿದರೆ 0.12 ಮಿ.ಮೀ. ಕಡಿಮೆ.

ಈ ಸಲ ಬುಷ್ಷಿನ ಒಳಮೈ ಒರೆಸಿ, ಬೆಳಕಿಗೆ ವಾಲಿಸಿ, ಭೂತಗನ್ನಡಿಯಲ್ಲಿ ನೋಡಿದೆ. ಹಳದಿ ಲೋಹದ ತುಂಬ ಸಣ್ಣಸಣ್ಣ ಮಿಂಚು. ಸಾಣೆಕಲ್ಲಿನಿಂದ ಉದುರಿದ ಅಲ್ಯೂಮಿನಾ ಹರಳು! ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ 2000ದ ಹತ್ತಿರ. ನಮ್ಮ ಶಾಫ್ಟಿನದು 650ರ ಆಸುಪಾಸು. ಹರಳು ಎರಡು ಮೈಗಳ ನಡುವೆ ಸಡಿಲವಾಗಿ ಉರುಳುತ್ತಿದ್ದರೆ ಎರಡಕ್ಕೂ ಗುಳಿ ಬೀಳುತ್ತವೆ, ಸವೆತ ನಿಧಾನ. ಮೆತ್ತನೆಯ ಲೋಹ ಅದನ್ನು ಒಳಗೆಳೆದು ಕಚ್ಚಿ ಹಿಡಿಯಿತೋ, ಅದು ಹಿಡಿ ಹಾಕಿದ ಉಳಿ. ಎದುರಿಗೆ ತಿರುಗುವ ಶಾಫ್ಟ್ ಸುತ್ತುಸುತ್ತಿಗೂ ಕೊಯ್ಸಿಕೊಳ್ಳುತ್ತದೆ. ಲ್ಯಾಪಿಂಗ್ (ಪುಡಿಯಿಂದ ತಿಕ್ಕಿ ನಯ ಮಾಡುವುದು) ಮಾಡುವಾಗ ಬೀಡುಕಬ್ಬಿಣದ ಲ್ಯಾಪಿಗೆ ಪುಡಿ ಮೆತ್ತಿ ಗಡಸು ಸ್ಟೀಲನ್ನು ತಿಕ್ಕುತ್ತೇವಲ್ಲ, ಅದೇ ಕೆಲಸ ಪಂಪಿನೊಳಗೆ ಹಗಲೂ ರಾತ್ರಿ ಪುಕ್ಕಟೆಯಾಗಿ ನಡೆದಿತ್ತು. ಆಯಿಲ್ ಸೀಲಿನ ರಬ್ಬರ್ ತುಟಿ ಕೂಡ ಹೀಗೇ ಪುಡಿ ಹಿಡಿದುಕೊಂಡು ಶಾಫ್ಟಿಗೆ ಒಂದು ಉಂಗುರ ಕೊರೆದಿತ್ತು. ರಬ್ಬರ್, ಸ್ಟೀಲನ್ನು!

ಶಾಫ್ಟಿಗೆ ಹಾರ್ಡ್ ಕ್ರೋಮ್ ಲೇಪ ಮಾಡಿಸೋಣ ಎಂದರು ಸೂಪರ್‌ವೈಸರ್. ಕ್ರೋಮ್ ಅಂದರೂ ಗಡಸುತನ ವಿಕರ್ಸ್‌ನಲ್ಲಿ ಸಾವಿರದ ಆಸುಪಾಸು, ಸಾರ್. ಹರಳಿನ ಅರ್ಧದಷ್ಟೇ.

ಹರಳು ಬಂದದ್ದು ಎಲ್ಲಿಂದ ಅನ್ನುವುದು ನನಗೆ ಮುಜುಗರದ ವಿಷಯ. ಟ್ಯಾಂಕಿನ ಪೇಪರ್ ಫಿಲ್ಟರ್ ಪದೇಪದೇ ಕಟ್ಟಿಕೊಳ್ಳುತ್ತಿತ್ತು. ಮ್ಯಾಗ್ನೆಟಿಕ್ ಸೆಪರೇಟರ್ ಇದೆಯಲ್ಲ, ಸಾಕು ಎಂದು ಆ ಫಿಲ್ಟರನ್ನು ತೆಗೆಸಿದವನು ನಾನು. ಆಯಸ್ಕಾಂತ ಸ್ಟೀಲಿನ ಚೂರನ್ನು ಹಿಡಿಯುತ್ತದೆ. ಅಲ್ಯೂಮಿನಾ ಅದಕ್ಕೆ ಅಂಟುವುದೇ ಇಲ್ಲ. ಚೂರಿಗೆ ಸಿಕ್ಕಿಕೊಂಡದ್ದಷ್ಟೇ ಹೊರಬರುತ್ತದೆ, ಮಿಕ್ಕಿದ್ದು ಸೀದಾ ಪಂಪಿಗೆ.

ಟ್ಯಾಂಕ್ ಬಳಿದು ತೊಳೆದು, ಫಿಲ್ಟರ್ ಹಾಕಿ, ಶಾಫ್ಟ್, ಬುಷ್, ಸೀಲ್ ಮೂರನ್ನೂ ಬದಲಿಸಿದೆ. ಹುಡುಗ ಹಳೆ ಬುಷ್ಷನ್ನು ಬಟ್ಟೆಯಲ್ಲಿ ಒರೆಸಿ ಸ್ಪೇರ್ ಟ್ರೇನಲ್ಲಿ ಇಡಲು ಹೊರಟಿದ್ದ. "ಚೆನ್ನಾಗೇ ಇದೆ ಅಣ್ಣಾ" ಅಂದ. ಕಸಿದುಕೊಂಡು ವೈಸಿಗೆ ಕಚ್ಚಿಸಿ ಹ್ಯಾಕ್ಸಾದಿಂದ ಎರಡು ತುಂಡು ಮಾಡಿದೆ. ಬ್ಲೇಡಿನ ಹಲ್ಲೂ ಹೋಯಿತು.