‘ನೋಡ್ಕೊ’ ಅಂತ ಒಂದೇ ಮಾತು ಹೇಳಿ ಹೋದ ರಾತ್ರಿ

ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಮಿಷಿನ್ನು ನೋಡಿಕೊಳ್ಳುವುದು ನನ್ನ ಕೆಲಸ. ವರ್ಷದಲ್ಲಿ ಒಂಬತ್ತು ತಿಂಗಳು ಪಂಪ್‌ಸೆಟ್ಟು, ಸ್ಪ್ರೇಯರ್, ಧಣಿಗಳ ಹಳೇ ಜೀಪು. ಉಳಿದ ಮೂರು ತಿಂಗಳು ಪಲ್ಪರ್ ಒಂದೇ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷಿನ್ನು. ಅರೇಬಿಕಾ ಹಣ್ಣಾಯಿತು ಅಂದರೆ ಆಮೇಲೆ ಯಾರ ಮದುವೆಗೂ ಹೋಗುವ ಹಾಗಿಲ್ಲ. ಬೆಳಗ್ಗೆಯಿಂದ ಕೊಯ್ದ ಹಣ್ಣು ಸಂಜೆ ತೂಕವಾಗಿ ಪಲ್ಪರ್ ಮನೆಗೆ ಬರುತ್ತದೆ. ಅವತ್ತಿನ ಹಣ್ಣು ಅವತ್ತೇ ಸಿಪ್ಪೆ ಬಿಡಬೇಕು. ಬೆಳಗ್ಗೆ ಮಾಡೋಣ ಅಂತ ರಾಶಿ ಹಾಕಿ ಮಲಗಿದರೆ ಒಳಗೊಳಗೇ ಬಿಸಿಯೇರಿ ಹುಳಿ ಹಿಡಿಯುತ್ತದೆ. ಹಾಗಾಗಿ ನಮ್ಮದು ರಾತ್ರಿ ಕೆಲಸ.

ಕೆಲವು ವರ್ಷದ ಹಿಂದಿನ ಮಾತು. ಜನವರಿ, ಕೊಯ್ಲಿನ ಭರಾಟೆ. ಪಲ್ಪರ್ ಶಾಫ್ಟಿನ ಒಂದು ಬೇರಿಂಗ್ ಸದ್ದು ಮಾಡತೊಡಗಿತು. ಜೋರು ಸದ್ದೇನಲ್ಲ. ನೀರು ಹರಿಯುವ ಸದ್ದು, ಮೋಟಾರು ಸದ್ದು ಇವುಗಳ ಅಡಿಯಲ್ಲಿ ಸಣ್ಣಗೆ ಕರಕರ ಅನ್ನುತ್ತಿತ್ತು. ನನ್ನ ಕಿವಿಗೆ ಬಿಟ್ಟರೆ ಬೇರೆಯವರ ಕಿವಿಗೆ ಬೀಳದಷ್ಟು. ಗಂಟೆಗೊಮ್ಮೆ ಗ್ರೀಸ್ ಹೊಡೆದರೆ ಸುಮ್ಮನಾಗುತ್ತಿತ್ತು. ಹಣ್ಣು ಸ್ವಲ್ಪ ಜಾಸ್ತಿ ಸುರಿದರೆ ಮತ್ತೆ ಶುರು. ಬದಲಾಯಿಸಲು ಅರ್ಧ ದಿನ ಬೇಕು. ಆ ಅರ್ಧ ದಿನ ಯಾರ ಹತ್ತಿರ ಇತ್ತು? ಸೀಸನ್ ಮುಗಿಯೋವರೆಗೆ ಹೇಗೋ ದಾಟಿಸೋಣ ಅಂದುಕೊಂಡೆ.

ನನ್ನ ಜೊತೆ ಒಬ್ಬ ಹುಡುಗ ಇದ್ದಾನೆ. ನಡುರಾತ್ರಿಯ ಮೇಲೆ ಅವನ ಪಾಳಿ. ಆದರೆ ಆ ಸದ್ದು ಶುರುವಾದ ಮೇಲೆ ನಾನು ಅವನಿಗೆ ಮಿಷಿನ್ನು ಬಿಟ್ಟುಕೊಡಲಿಲ್ಲ. ಹಣ್ಣು ಸುರಿಯೋದು, ನೀರು ಬಿಡೋದು ಅಷ್ಟೇ ಅವನ ಪಾಲು. ಹನ್ನೊಂದು ರಾತ್ರಿ ಹಾಗೇ ನಿಂತೆ. ತೋಟದ ಲೆಕ್ಕ ಬರೆಯುವ ರೈಟರು ಬಂದು ‘ನೀನೊಬ್ಬ ಇಲ್ಲದಿದ್ರೆ ನಮ್ಮ ಕತೆ ಏನಪ್ಪಾ’ ಅಂದರು. ಆ ಮಾತು ಕಾಫಿಗಿಂತ ಚೆನ್ನಾಗಿ ನಿದ್ದೆ ಓಡಿಸುತ್ತಿತ್ತು.

ಹನ್ನೆರಡನೇ ರಾತ್ರಿ ಜ್ವರ ಬಂತು. ನಿಲ್ಲಲು ಆಗಲಿಲ್ಲ. ಹುಡುಗನನ್ನು ಕರೆದು ‘ನೋಡ್ಕೊ’ ಅಂದು ಕೆಲಸದವರ ಲೈನ್ ಮನೆಗೆ ಹೋಗಿ ಬಿದ್ದುಕೊಂಡೆ. ಬೇರಿಂಗ್ ವಿಷಯ ಹೇಳಲಿಲ್ಲ. ಗ್ರೀಸ್ ವಿಷಯವೂ ಹೇಳಲಿಲ್ಲ. ಮರೆತೆ ಅಂತ ಆಗ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ. ಇಷ್ಟು ದಿನ ಬದಲಾಯಿಸದೆ ಓಡಿಸಿದ್ದೆ ಅಂತ ಗೊತ್ತಾಗುತ್ತಲ್ಲ ಅಂತ ನಾಚಿಕೆ.

ಎರಡೂವರೆ ಹೊತ್ತಿಗೆ ಬೇರಿಂಗ್ ಹಿಡಿದುಕೊಂಡಿತು. ಶಾಫ್ಟ್ ನಿಂತಿತು, ಬೆಲ್ಟು ಉಜ್ಜಿ ಉಜ್ಜಿ ಸುಟ್ಟಿತು. ಅರ್ಧಕ್ಕರ್ಧ ಹಣ್ಣು ಹಾಗೇ ಉಳಿಯಿತು. ಬೆಳಗ್ಗೆ ಅದನ್ನೆಲ್ಲ ಕಣಕ್ಕೆ ಹರವಿ, ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಿದೆವು. ಸಿಪ್ಪೆ ಬಿಡಿಸಿ ಒಣಗಿಸಿ ಪಾರ್ಚ್‌ಮೆಂಟ್ ಆಗಬೇಕಿದ್ದ ಹಣ್ಣು ಚೆರ್ರಿಯಾದರೆ ಎಷ್ಟು ಲಾಸು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೈಗುಳ ತಿಂದಿದ್ದು ಆ ಹುಡುಗ. ನಾನು ಜ್ವರದಲ್ಲಿದ್ದೆನಲ್ಲ!

ಇದನ್ನು ಜೀರ್ಣ ಮಾಡಿಕೊಂಡು ಆರಾಮಾಗೇ ಇದ್ದೆ. ಆಮೇಲೆ ಜೂನ್ ಬಂತು.

ಹುಡುಗನಿಗೆ ಕಾರು ಅಂದರೆ ಪ್ರಾಣ. ಚಿಕ್ಕಮಗಳೂರಿನ ತೋಟಗಳ ಮಣ್ಣು ರಸ್ತೆಯಲ್ಲಿ ರ್‍ಯಾಲಿ ನಡೆದರೆ ಕೆಲಸಕ್ಕೆ ಚಕ್ಕರ್. ಜೂನ್ ಮಧ್ಯದಲ್ಲಿ ಫ್ರಾನ್ಸಿನ ಲೆ ಮಾನ್ ರೇಸ್ ನಡೆಯುತ್ತದೆ, 24 ಗಂಟೆ ಎಡೆಬಿಡದೆ. ಅಲ್ಲಿ ಸಂಜೆ ನಾಲ್ಕಕ್ಕೆ ಶುರುವಾದರೆ ನಮಗೆ ಏಳೂವರೆ. ಹೊರಗೆ ಮಳೆ, ಕರೆಂಟಿಲ್ಲ, ಅವನ ಫೋನಿನಲ್ಲಿ ಸಿಗ್ನಲ್ ಬಂದಾಗ ಬಂತು. ಸಿಗ್ನಲ್ ಹೋದಾಗೆಲ್ಲ ಹಳೇ ಕತೆ ಹೇಳುತ್ತಿದ್ದ. ಅದರಲ್ಲಿ ಒಂದು ಕತೆ ನೇರ ನನ್ನ ಎದೆಗೇ ಬಂತು. ಬೇಕಂತಲೇ ಹೇಳಿದನೋ ಏನೋ, ಇವತ್ತಿಗೂ ಕೇಳಿಲ್ಲ.

1952ರ ರೇಸು. ಪಿಯೆರ್ ಲೆವೆಗ್ ಅಂತ ಫ್ರಾನ್ಸಿನವನೇ, 46 ವರ್ಷ. ಟಾಲ್ಬೋ-ಲಾಗೊ ಕಾರು. ಜೊತೆಗೆ ರೆನೆ ಮಾರ್ಶಾಂ ಅನ್ನುವ ಇನ್ನೊಬ್ಬ ಡ್ರೈವರ್ ಇದ್ದ. ಕಾರು ನಿಲ್ಲಿಸಿ ಪೆಟ್ರೋಲ್ ತುಂಬಿಸುವ, ಡ್ರೈವರ್ ಬದಲಾಗುವ ಜಾಗ, ಪಿಟ್‌ನಲ್ಲಿ ಅವನು ಕಾಯುತ್ತಲೇ ಇದ್ದ. ಲೆವೆಗ್ ಸ್ಟೇರಿಂಗ್ ಬಿಡಲಿಲ್ಲ. ಎಂಜಿನ್ನಿನಲ್ಲಿ ಒಂದು ಅದುರು ಇತ್ತಂತೆ, ಆರ್‌ಪಿಎಂ ತೋರಿಸುವ ಮೀಟರೂ ಕೆಟ್ಟಿತ್ತಂತೆ. ಇದನ್ನು ಸಂಭಾಳಿಸಲು ನನ್ನಿಂದ ಮಾತ್ರ ಸಾಧ್ಯ ಅಂತ ಅವನ ಲೆಕ್ಕ. ರಾತ್ರಿಯಿಡೀ ಓಡಿಸಿದ, ಬೆಳಗಾದರೂ ಓಡಿಸಿದ. ಸುಮಾರು ಹದಿಮೂರೂವರೆ ಕಿಲೋಮೀಟರಿನ ಸುತ್ತು. ಅಂಥ ನಾಲ್ಕು ಸುತ್ತು ಮರ್ಸಿಡಿಸ್‌ಗಿಂತ ಮುಂದಿದ್ದ. ಇನ್ನು ಒಂದು ಗಂಟೆ ಚಿಲ್ಲರೆ ಇದೆ ಅನ್ನುವಾಗ ಎಂಜಿನ್ ಹೋಯಿತು. ಲ್ಯಾಂಗ್ ಮತ್ತು ರೀಸ್ ಓಡಿಸಿದ ಮರ್ಸಿಡಿಸ್ ಗೆದ್ದಿತು.

ಸುಸ್ತಾಗಿ ತಪ್ಪು ಗೇರ್ ಹಾಕಿದ ಅಂತ ಕೆಲವರು, ಒಳಗಿನ ಬೋಲ್ಟು ಮೊದಲೇ ಸಡಿಲವಾಗಿತ್ತು ಅಂತ ಕೆಲವರು. ಮೆಕ್ಯಾನಿಕ್ಕಾಗಿ ನನ್ನ ಓಟು ಬೋಲ್ಟಿಗೆ. ಅದುರು ಸುಮ್ನೆ ಬರುವುದಿಲ್ಲ.

‘ಇವನಿಗೆ ತಲೆ ಕೆಟ್ಟಿತ್ತಾ?’ ಅಂದೆ. ಹುಡುಗ ಇಲ್ಲ ಅಂದ. ಅದಕ್ಕೆ ಮುಂಚೆ ಹಾಗೆ ಮಾಡಿದವರು ಗೆದ್ದೂ ಇದ್ದರಂತೆ. 1949ರಲ್ಲಿ ಲುಯಿಜಿ ಕಿನೆಟ್ಟಿ 22 ಗಂಟೆಗೂ ಹೆಚ್ಚು ಒಬ್ಬನೇ ಓಡಿಸಿ ಫೆರಾರಿಗೆ ಅಲ್ಲಿನ ಮೊದಲ ಗೆಲುವು ತಂದ. 1950ರಲ್ಲಿ ಲೂಯಿ ರೋಸಿಯೆ, ಅವನದೂ ಟಾಲ್ಬೋ. ಜೊತೆಗಾರ ಸ್ವಂತ ಮಗ. ಮಗನಿಗೆ ಕೊಟ್ಟಿದ್ದು ಬರೀ ಎರಡು ಸುತ್ತು! ಅದೂ ಗೆದ್ದ. ಕಣ್ಣೆದುರೇ ಇಬ್ಬರು ಗೆದ್ದಿರುವಾಗ ಮೂರನೆಯವನಿಗೆ ಯಾರು ಬುದ್ಧಿ ಹೇಳುತ್ತಾರೆ? ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಸೀಸನ್ ಪೂರ್ತಿ ಪಲ್ಪರ್ ಪಕ್ಕದಲ್ಲೇ ಗೋಣಿಚೀಲ ಹಾಸಿ ಮಲಗುತ್ತಿದ್ದರು. ಅವರ ಕಾಲದಲ್ಲಿ ಒಮ್ಮೆಯೂ ನಿಂತಿಲ್ಲ ಅಂತ ತೋಟದವರು ಇವತ್ತಿಗೂ ಹೊಗಳುತ್ತಾರೆ.

ಆಮೇಲೆ ಲೆ ಮಾನ್‌ನವರು ಒಬ್ಬನೇ ಓಡಿಸುವುದಕ್ಕೆ ನಿಯಮ ಹಾಕಿ ಕಡಿವಾಣ ತೊಡಿಸಿದರು. ಈಗ ಒಂದು ಕಾರಿಗೆ ಮೂವರು. ಆರು ಗಂಟೆಯಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ ಒಬ್ಬ ಕೂರುವ ಹಾಗಿಲ್ಲ, ಒಟ್ಟು 14 ಗಂಟೆ ದಾಟುವ ಹಾಗಿಲ್ಲ. ಪಾಪ, ಲೆವೆಗ್ 1955ರಲ್ಲಿ ಮರ್ಸಿಡಿಸ್ ತಂಡಕ್ಕೇ ಓಡಿಸುತ್ತಾ ಅದೇ ರಸ್ತೆಯಲ್ಲಿ ಸತ್ತ. ಕಾರು ಜನರ ಮೇಲೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಹೋದರು. ಅದು ಬೇರೆಯೇ ಕತೆ, ತಪ್ಪು ಅವನದಲ್ಲ.

ಅದೇ ರಾತ್ರಿ ಹುಡುಗ ಹೇಳಿದ ಇನ್ನೊಂದು ಕತೆ ನನಗೆ ಜಾಸ್ತಿ ಹಿಡಿಸಿತು. ಲೆ ಮಾನ್‌ನ ಮೊಟ್ಟಮೊದಲ ರೇಸು, 1923. ಗೆದ್ದಿದ್ದು ಶೆನಾರ್-ವಾಲ್ಕೆರ್ ಕಾರಿನ ಲಗಾಶ್ ಮತ್ತು ಲಿಯೊನಾರ್. ಆದರೆ ಕತೆ ಇರುವುದು ಬೆಂಟ್ಲಿಯಲ್ಲಿ. ಜಾನ್ ಡಫ್ ಓಡಿಸುತ್ತಿದ್ದಾಗ ಕಲ್ಲು ಹಾರಿ ಪೆಟ್ರೋಲ್ ಟ್ಯಾಂಕ್ ತೂತಾಯಿತು. ಕಾರು ದಾರಿಯಲ್ಲೇ ನಿಂತಿತು. ಡಫ್ ಮೈಲುಗಟ್ಟಲೆ ಓಡಿಕೊಂಡು ಪಿಟ್‌ಗೆ ಬಂದ. ಜೊತೆಗಾರ ಫ್ರಾಂಕ್ ಕ್ಲೆಮೆಂಟ್ ಒಂದು ಸೈಕಲ್ ಕೇಳಿ ಪಡೆದು, ಪೆಟ್ರೋಲ್ ಹೊತ್ತುಕೊಂಡು ಹೋಗಿ, ತೂತಿಗೆ ಬಿರಡೆ ಜಡಿದು, ಕಾರು ಎಬ್ಬಿಸಿಕೊಂಡು ಬಂದ. ನಾಲ್ಕನೇ ಸ್ಥಾನ. ಮುಂದಿನ ವರ್ಷ ಅದೇ ಇಬ್ಬರು ಗೆದ್ದರು.

ಸೈಕಲ್ ಕೇಳಿ ಎಲ್ಲರೂ ನಗುತ್ತಾರೆ. ನಾನು ಬಿರಡೆ ಬಗ್ಗೆ ಯೋಚಿಸುತ್ತಿದ್ದೆ. ಏನು ಕೆಟ್ಟಿದೆ ಅಂತ ಬಂದವನು ಸರಿಯಾಗಿ ಹೇಳಿರದಿದ್ದರೆ ಹೋದವನು ಬರೀ ಪೆಟ್ರೋಲ್ ಒಯ್ದಿರುತ್ತಿದ್ದ. ಅದೂ ಸೋರಿ ಹೋಗುತ್ತಿತ್ತು, ಅಲ್ವಾ?

ಅವತ್ತು ರಾತ್ರಿಯೇ ಹುಡುಗನಿಗೆ ಬೇರಿಂಗ್ ವಿಷಯ ಹೇಳಿದೆ. ‘ಗೊತ್ತಣ್ಣ’ ಅಂದ. ಗ್ರೀಸ್ ಡಬ್ಬ ಅಷ್ಟು ಬೇಗ ಖಾಲಿಯಾಗಿದ್ದನ್ನು ನೋಡಿದ್ದನಂತೆ. ಬೆಳಗ್ಗೆ ಧಣಿಗಳಿಗೂ ಹೇಳಿದೆ. ಅವರು ಏನೂ ಅನ್ನಲಿಲ್ಲ, ಅದು ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು.

ಈಗ ಪಲ್ಪರ್ ಮನೆಯ ಬಾಗಿಲಲ್ಲಿ ಮೊಳೆಗೆ ಒಂದು ನೋಟ್‌ಬುಕ್ ತೂಗುತ್ತದೆ. ಪಾಳಿ ಬಿಡುವವರು ಬರೆಯಬೇಕು, ಹಿಡಿಯುವವರು ಓದಿ ಗುರುತು ಹಾಕಬೇಕು. ಮೊದಲ ಸೀಸನ್ ನಾನು ಬರೆದಿದ್ದೆಲ್ಲ ‘ಎಲ್ಲಾ ಸರಿ ಇದೆ’. ಹುಡುಗ ಅದರ ಕೆಳಗೆ ‘ಅಣ್ಣ, ಯಾವುದು ಸರಿ ಇದೆ?’ ಅಂತ ಬರೆದ. ಸಿಟ್ಟು ಬಂತು. ಆಮೇಲೆ ಒಂದು ಸಾಲು ಸೇರಿಸಿದೆವು: ‘ಇವತ್ತು ಹೊಸದಾಗಿ ಕೇಳಿದ ಸದ್ದು’. ಸದ್ದನ್ನು ಬರೆಯೋದು ಕಷ್ಟ ಮಾರಾಯ್ರೆ. ಕರಕರ, ಕಿರ್, ಟಕ್‌ಟಕ್ ಅಂತ ನಮ್ಮದೇ ಒಂದು ಭಾಷೆ ಆಗಿದೆ. ನಡುರಾತ್ರಿ ಇಬ್ಬರೂ ಹತ್ತು ನಿಮಿಷ ಮಿಷಿನ್ನಿನ ಮುಂದೆ ಒಟ್ಟಿಗೆ ನಿಲ್ಲುತ್ತೇವೆ. ಬರೆಯಲು ಆಗದ್ದನ್ನು ಅಲ್ಲೇ ಕೈ ಹಿಡಿದು ತೋರಿಸುತ್ತೇವೆ.

ಹೋದ ಸೀಸನ್ನಿನಲ್ಲಿ ಒಂದು ಬೆಳಗ್ಗೆ ಎದ್ದು ಬಂದಾಗ ಹುಡುಗ ಬರೆದಿದ್ದ: ‘ಮೋಟಾರು ಕಡೆ ಬೇರಿಂಗ್ ಬಿಸಿ. ಕೈ ಇಟ್ರೆ ಐದು ಎಣಿಸೋಕಾಗಲ್ಲ. ಗ್ರೀಸ್ ಎರಡು ಸಲ ಹೊಡೆದೆ. ಸಂಜೆ ಹಣ್ಣು ಬರೋದ್ರೊಳಗೆ ಬದಲಾಯಿಸಿ.’ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಬೇರಿಂಗ್ ಅಂಗಡಿಯವರು ಬಾಗಿಲು ತೆಗೆಯುವಾಗ ನಾನು ಹಳೇ ಬೇರಿಂಗನ್ನು ಪೇಪರಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ.