ನೀರಿನ ಮುಳ್ಳು ನೋಡಿ ಎಕ್ಸಲೇಟರ್ ತುಳಿಯಬೇಡಿ

ಡಿಸೆಂಬರ್ ನಸುಕಿನಲ್ಲಿ ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೊರಟರೆ, ಪೀರನವಾಡಿ ದಾಟುವಷ್ಟರಲ್ಲಿ ನೀರಿನ ಮುಳ್ಳು (ಎಂಜಿನ್ ತಂಪಿಡುವ ನೀರಿನ ಉಷ್ಣತೆ ತೋರಿಸುವ ಗೇಜಿನದು) ಮಧ್ಯಕ್ಕೆ ಬಂದು ನಿಂತಿರುತ್ತದೆ. ಎಂಜಿನ್ ಕಾಯ್ತು ಅಂದುಕೊಂಡು, ರಸ್ತೆ ಖಾಲಿ ಕಂಡ ಕೂಡಲೇ ಎಕ್ಸಲೇಟರ್ ಪೂರ್ತಿ ತುಳಿಯುವವರೇ ಹೆಚ್ಚು. ಆ ಹೊತ್ತಿಗೆ ಚೇಂಬರಿನ, ಅಂದರೆ ಎಂಜಿನ್ ತಳದ ತೊಟ್ಟಿಯ, ಆಯಿಲ್ ಇನ್ನೂ 50 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಿಗ್ ಎಂಡ್ ಬೇರಿಂಗಿನ ಆಯುಷ್ಯ ತಿನ್ನುವುದು ಇಂಥ ಹತ್ತು ನಿಮಿಷಗಳೇ.

ಪಿಸ್ಟನ್ನಿನಿಂದ ಇಳಿಯುವ ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು (ಎಂಜಿನ್ನಿನ ತಿರುಗುವ ದಂಡವನ್ನು) ಹಿಡಿಯುವ ತುದಿಯೇ ಬಿಗ್ ಎಂಡ್. ಅಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಅರ್ಧಚಂದ್ರದಂಥ ಎರಡು ಶೆಲ್‌ಗಳು, ನಡುವೆ ಆಯಿಲಿನ ತೆಳು ಪದರ, ಅಷ್ಟೇ. ರಾಡ್ ಹಿಡಿಯುವ ಕ್ರ್ಯಾಂಕ್ ಪಿನ್ 50 ಮಿ.ಮೀ. ದಪ್ಪ ಇದ್ದರೆ ಸಾಮಾನ್ಯ ಲೆಕ್ಕದಲ್ಲಿ ಅಲ್ಲಿರುವ ಸಂದು 0.05 ಮಿ.ಮೀ. ಕ್ರ್ಯಾಂಕ್ ತಿರುಗುವ ವೇಗವೇ ಆಯಿಲನ್ನು ಆ ಸಂದಿಗೆ ಎಳೆದುಕೊಂಡು ಪಿನ್ನನ್ನು ತೇಲಿಸುತ್ತದೆ. ಆಯಿಲ್ ತಣ್ಣಗಿದ್ದು ಗಟ್ಟಿಯಾಗಿದ್ದರೆ ಪ್ರೆಶರ್ ಗೇಜ್ ಹೆಚ್ಚು ತೋರಿಸುತ್ತದೆ, ಆದರೆ ಸಂದಿನೊಳಗೆ ಹರಿಯುವುದು ಕಡಿಮೆ. ಗೇಜ್ ನೋಡಿ ನೆಮ್ಮದಿಯಾಗುವವರು ಮೋಸಹೋಗುವುದು ಇಲ್ಲಿಯೇ.

ಈ ವಿಷಯದಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡ ಎಂಜಿನ್ ಬಿಎಂಡಬ್ಲ್ಯೂ ಎಸ್65. 2007ರಿಂದ 2013ರವರೆಗಿನ ಎಂ3 ಕಾರಿನ 4 ಲೀಟರಿನ ವಿ8 ಅದು, 8,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಿ ತಿರುಗುತ್ತದೆ. ಬಿಗ್ ಎಂಡ್ ಸಂದು ಮೇಲಿನ ಲೆಕ್ಕಕ್ಕಿಂತ ಬಿಗಿ, ಹಾಕುವ ಆಯಿಲ್ 10ಡಬ್ಲ್ಯೂ-60 ಎಂಬ ಗಟ್ಟಿ ದರ್ಜೆಯದು. ಈ ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಏಳು ಪಟ್ಟು ಗಟ್ಟಿ. ಅದಕ್ಕೇ ಆ ಕಾರಿನಲ್ಲಿ ಆಯಿಲಿನ ಉಷ್ಣತೆಗೇ ಮುಳ್ಳು ಕೊಟ್ಟಿದ್ದಾರೆ. ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಎಚ್ಚರಿಕೆ ಪಟ್ಟಿಯೂ ಆಯಿಲ್ ಕಾದಂತೆ ಮೇಲಕ್ಕೆ ಸರಿಯುತ್ತದೆ. ಪುಣೆ, ಮುಂಬೈಯಿಂದ ಹಳೆಯ ಸ್ಪೋರ್ಟ್ಸ್ ಕಾರು ತಂದವರು ಮೊದಲು ಕಲಿಯಬೇಕಾದದ್ದು ಆ ಮುಳ್ಳು ಓದುವುದನ್ನು.

ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷ ಸಾಕು, ಗಾಡಿ ಹೊರಡಿಸಿ. ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ಆಯಿಲ್ ಬೇಗ ಕಾಯುವುದಿಲ್ಲ, ಸುಡದ ಪೆಟ್ರೋಲು ಮಾತ್ರ ಚೇಂಬರಿಗೆ ಇಳಿಯುತ್ತದೆ. ಆಯಿಲ್ 80 ಡಿಗ್ರಿ ಮುಟ್ಟುವವರೆಗೆ 2,000ದಿಂದ 3,000 ಆರ್‌ಪಿಎಂ ಒಳಗೆ, ಹಗುರ ಕಾಲಿನಲ್ಲಿ ಓಡಿಸಿ. ಪೂರ್ತಿ ಎಕ್ಸಲೇಟರ್ 90 ದಾಟಿದ ಮೇಲೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಚೋರ್ಲಾ ಕಡೆ ಹೋಗುವುದಾದರೆ ಜಾಂಬೋಟಿ ಹತ್ತಿರವಾಗುವ ತನಕ ತಾಳ್ಮೆ ಇರಲಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಚಿಂತೆ ಉಲ್ಟಾ: ಆಯಿಲ್ 130 ಡಿಗ್ರಿ ಕಡೆ ಏರತೊಡಗಿದರೆ ತೆಳ್ಳಗಾಗಿ ಪದರವೇ ಕಿತ್ತುಹೋಗುತ್ತದೆ, ಕಾಲು ಸಡಿಲಿಸಿ.

ಆರ್‌ಪಿಎಂ ಕಡಿಮೆ ಇದ್ದರೆ ಎಂಜಿನ್ನಿಗೆ ಆರಾಮ ಎಂಬ ನಂಬಿಕೆ ಇನ್ನೊಂದು ದೊಡ್ಡ ಶತ್ರು. ವಂಟಮುರಿ ಘಾಟ್ ಏರುವಾಗ ಆರನೇ ಗಿಯರಿನಲ್ಲಿ 1,500ಕ್ಕೆ ಇಟ್ಟು ಎಕ್ಸಲೇಟರ್ ತುಳಿದರೆ ಪಿಸ್ಟನ್ ಮೇಲಿನ ಒತ್ತಡ ಪೂರ್ತಿ, ಪಿನ್ನನ್ನು ತೇಲಿಸುವ ವೇಗ ಮಾತ್ರ ಅರ್ಧ. ಟರ್ಬೊ ಎಂಜಿನ್ನಿನಲ್ಲಿ ಇದು ಇನ್ನೂ ಕೆಟ್ಟದ್ದು. ಗಿಯರ್ ಇಳಿಸಿ, 3,000ದ ಆಸುಪಾಸಿನಲ್ಲಿ ಏರಿ.

ಆರ್‌ಪಿಎಂ ತೀರಾ ಏರಿದಾಗಿನ ಅಪಾಯ ಬೇರೆ. ಆರ್‌ಪಿಎಂ ಎರಡು ಪಟ್ಟಾದರೆ ರಾಡ್ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ಗಿಯರ್ ಐದರಿಂದ ನಾಲ್ಕಕ್ಕೆ ಬದಲು ಎರಡಕ್ಕೆ ಬಿದ್ದರೆ, ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಲಿಮಿಟರ್ ಏನೂ ಮಾಡಲಾರದು, ಏಕೆಂದರೆ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು. ಬಿಚ್ಚಿದ ಶೆಲ್ ಇದರ ಸಾಕ್ಷಿ ಹೇಳುತ್ತದೆ. ರಾಡ್ ಕಡೆಯ ಮೇಲಿನ ಶೆಲ್ ಹೆಚ್ಚು ಸವೆದಿದ್ದರೆ ಸಂಶಯ ಕಡಿಮೆ ಆರ್‌ಪಿಎಂನ ಭಾರದ ಮೇಲೆ ಅಥವಾ ನಾಕಿಂಗ್ (ಪೆಟ್ರೋಲು ಸಿಲಿಂಡರಿನಲ್ಲಿ ತಪ್ಪಾಗಿ ಸಿಡಿಯುವುದು) ಮೇಲೆ. ರಾಡಿಗೆ ಕೆಳಗಿನಿಂದ ಬೋಲ್ಟು ಹಾಕಿ ಕೂರಿಸುವ ಕ್ಯಾಪ್ ಕಡೆಯದು ಸವೆದಿದ್ದರೆ ಅತಿ ವೇಗದ ಮೇಲೆ.

ನಮ್ಮ ರಸ್ತೆಗಳಲ್ಲಿ ಇನ್ನೊಂದು ಕಾಟ, ಊರೂರಿನ ಬಾಗಿಲಲ್ಲಿರುವ ಹಂಪ್. ತಗ್ಗು ಕಾರಿನ ಚೇಂಬರಿಗೆ ತಳದಿಂದ ಪೆಟ್ಟು ಬಿದ್ದು ಒಳಗೆ ತಗ್ಗಾದರೆ, ಆಯಿಲ್ ಹೀರುವ ಪೈಪಿನ ಬಾಯಿಗೂ ತಳಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಸೋರದಿದ್ದರೂ ಚೇಂಬರ್ ಇಳಿಸಿ ನೋಡಿಸಿ. ಆಯಿಲ್ ಒಂದು ಲೀಟರ್ ಕಡಿಮೆ ಇಟ್ಟುಕೊಂಡು ಘಾಟಿನ ಉದ್ದ ತಿರುವುಗಳಲ್ಲಿ ಎಳೆದರೂ ಅದೇ ಕಥೆ, ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಕುಡಿಯುತ್ತದೆ. ಸಾವಿರ ಕಿ.ಮೀ.ಗೊಮ್ಮೆ ಮಟ್ಟ ನೋಡಿ. ಆಯಿಲ್ ಪ್ರೆಶರಿನ ಕೆಂಪು ಲೈಟ್ ಹತ್ತಲಿ ಎಂದು ಕಾಯಬೇಡಿ, ಅದು ಹತ್ತುವಷ್ಟರಲ್ಲಿ ಬೇರಿಂಗ್ ಪೆಟ್ಟು ತಿಂದಾಗಿರುತ್ತದೆ.

ಆಯಿಲ್ ಬದಲಾವಣೆಗೆ ಕಂಪನಿಯ ಪುಸ್ತಕ 15,000 ಕಿ.ಮೀ. ಎಂದರೂ 8,000 ಅಥವಾ ವರ್ಷಕ್ಕೊಮ್ಮೆ ಮಾಡಿಸಿ. ಊರೊಳಗೇ ಓಡಾಡುವ ಕಾರಾದರೆ ಆರು ತಿಂಗಳಿಗೆ. ಹಳೆಯ ಫಿಲ್ಟರನ್ನು ಗ್ಯಾರೇಜಿನಲ್ಲಿ ಬಿಡಬೇಡಿ. ಕಾಗದದ ಮಡಿಕೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ತಗಡಿನ ಡಬ್ಬಿಯ ಫಿಲ್ಟರಾದರೆ ಹ್ಯಾಕ್ಸಾ ಬೇಡ, ಅದರ ಪುಡಿಯೇ ಗೊಂದಲ ಮಾಡುತ್ತದೆ. ಬೂದು ಅಥವಾ ತಾಮ್ರದ ಬಣ್ಣದ ತೆಳು ಚೂರು ಮಿನುಗಿದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣ, ಬೇರೆ ಭಾಗದ್ದಿರಬಹುದು. ಅಂಟದಿದ್ದರೆ ಬೇರಿಂಗಿನ ಸೀಸ, ತವರ, ತಾಮ್ರ ಅಥವಾ ಅಲ್ಯೂಮಿನಿಯಂ ಇರಬಹುದು. ಆಗ ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಿ ಸೀಸ, ತಾಮ್ರದ ಪ್ರಮಾಣ ನೋಡಿ. ಹಿಂದಿನ ಸಲದ ವರದಿಯ ಜೊತೆ ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ.

ಎಂಜಿನ್ ಕಾದ ಮೇಲೆ 2,000–3,000 ಆರ್‌ಪಿಎಂನಲ್ಲಿ ಕಾಲು ಸಡಿಲಿಸಿದಾಗ ಕೆಳಗಿನಿಂದ ಟಕ್ ಟಕ್ ಕೇಳಿದರೆ ಅಲ್ಲೇ ಆಫ್ ಮಾಡಿ, ಗಾಡಿಯನ್ನು ಇನ್ನೊಂದರ ಮೇಲೆ ಹೇರಿ ಒಯ್ಯಿರಿ. ಗ್ಯಾರೇಜು ಎರಡು ಕಿ.ಮೀ. ಇದ್ದರೂ ಓಡಿಸಬೇಡಿ. ಶೆಲ್ ಬದಲಾವಣೆಯಲ್ಲಿ ಮುಗಿಯಬೇಕಾದ ಕೆಲಸ ಕ್ರ್ಯಾಂಕಿಗೆ ಹೋಗುತ್ತದೆ.

ಶೆಲ್ ಹಾಕುವವರು ಕ್ಯಾಪ್‌ಗಳನ್ನು ಅದಲು ಬದಲು ಮಾಡಬಾರದು. ಹಿಗ್ಗುವ ಜಾತಿಯ ಬೋಲ್ಟು ಹೊಸದೇ ಬೇಕು, ಬಿಗಿಯುವುದು ಕಂಪನಿ ಕೊಟ್ಟ ಟಾರ್ಕ್ (ತಿರುಚುವ ಬಲ) ಮತ್ತು ಕೋನಕ್ಕೆ. ಶೆಲ್ಲಿನ ಬೆನ್ನಿಗೆ ಆಯಿಲ್ ಹಚ್ಚಬಾರದು, ಒಳಮೈಗೆ ಹಚ್ಚಬೇಕು. ಪ್ಲಾಸ್ಟಿಗೇಜ್ (ಸಂದು ಅಳೆಯುವ ಮೆತ್ತನೆ ಪ್ಲಾಸ್ಟಿಕ್ ಎಳೆ) ಇಟ್ಟು ಪ್ರತಿಯೊಂದು ಸಂದನ್ನೂ ಅಳೆದು ಬರೆದಿಡಲಿ. ಕ್ರ್ಯಾಂಕ್ ಗೀರಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಟ್ರ್ಯಾಕ್ಟರ್ ಕ್ರ್ಯಾಂಕಿನ ಹಾಗೆ 10 ಥೌ (ಇಂಚಿನ ಸಾವಿರದ ಹತ್ತು ಭಾಗ) ಗ್ರೈಂಡ್ ಮಾಡಿಸುವ ಮಾತು ಬರುತ್ತದೆ. ಅಲ್ಲಿನವರ ಕೈ ಚೆನ್ನಾಗಿದೆ, ಆದರೆ ಹಲವು ಸ್ಪೋರ್ಟ್ಸ್ ಎಂಜಿನ್ನುಗಳ ಕ್ರ್ಯಾಂಕಿಗೆ ಮೇಲ್ಮೈ ಮಾತ್ರ ಗಟ್ಟಿಮಾಡಿರುತ್ತಾರೆ, ಆ ಪದರ ಗ್ರೈಂಡಿಂಗಿನಲ್ಲಿ ಹೋಗಬಹುದು. ನಿಮ್ಮ ಎಂಜಿನ್ನಿಗೆ ಆ ಅಳತೆಯ ಶೆಲ್ ಸಿಗುತ್ತದೆಯೇ, ಮತ್ತೆ ಗಟ್ಟಿಮಾಡಿಸಬೇಕೇ ಎಂದು ಕಲ್ಲು ಮುಟ್ಟಿಸುವ ಮೊದಲೇ ಕೇಳಿ.