ಎಲ್‌ಎ ಸರಿಯಿತ್ತು, ಟಿಸಿ ಸುಟ್ಟಿತ್ತು

ಕೊಡಗಿನ ಸಿದ್ದಾಪುರದ ಕಡೆ ಒಂದು ರೋಬಸ್ಟಾ ಕಾಫಿ ತೋಟ. ಮಾರ್ಚ್ ಕೊನೆ. ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಕಾಯುತ್ತಿದ್ದರು. ಮಳೆ ಬಂತು, ಜೊತೆಗೆ ಸಿಡಿಲೂ ಬಂತು. ಬೆಳಿಗ್ಗೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಫೋನ್ ಮಾಡಿದರು: "ಟಿಸಿಯಿಂದ ಎಣ್ಣೆ ಸೋರ್ತಾ ಇದೆ, ಪಂಪ್ ಓಡ್ತಿಲ್ಲ."

ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್, ಇದು 63 ಕೆವಿಎಯದ್ದು. ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ನೋಡಿದರೆ ಎಚ್‌ಟಿ ವೈಂಡಿಂಗ್, ಅಂದರೆ ಹೆಚ್ಚು ವೋಲ್ಟೇಜ್ ಕಡೆಯ ಸುರುಳಿ, ಹೋಗಿತ್ತು. ಟಿಸಿ ಮೇಲಿದ್ದ ಮೂರು ಲೈಟ್ನಿಂಗ್ ಅರೆಸ್ಟರ್‌ಗಳನ್ನು (ಎಲ್‌ಎ) ಹಿಂದಿನ ವರ್ಷ ಹಾಕಿದ್ದು ನಾನೇ. ಬಿಚ್ಚಿ ಪರೀಕ್ಷೆ ಮಾಡಿಸಿದೆ. ಮೂರೂ ಚೆನ್ನಾಗಿದ್ದವು. ಮಾಲೀಕರು ಕೇಳಿದರು, "ಸಿಡಿಲು ತಡೆಯೋ ಸಾಮಾನು ಸರಿ ಇದ್ದ ಮೇಲೆ ಟಿಸಿ ಯಾಕೆ ಸುಟ್ಟಿತು?" ನ್ಯಾಯವಾದ ಪ್ರಶ್ನೆ. ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್‌ಎ ಒಳಗೆ ಝಿಂಕ್ ಆಕ್ಸೈಡ್ ಬಿಲ್ಲೆಗಳಿರುತ್ತವೆ. 11 ಕೆವಿ ಲೈನಿಗೆ ಸಾಮಾನ್ಯವಾಗಿ 9 ಕೆವಿ ರೇಟಿಂಗಿನದ್ದು ಹಾಕುತ್ತೇವೆ. ಮಾಮೂಲಿ ವೋಲ್ಟೇಜಿಗೆ ಅವು ಕರೆಂಟನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಸಿಡಿಲಿನ ಹೊಡೆತ ಬಂದಾಗ ಬಾಗಿಲು ತೆರೆದ ಹಾಗೆ ಕೆಳಕ್ಕೆ ದಾರಿ ಕೊಟ್ಟು, ಹೊಡೆತ ಇಳಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಅಷ್ಟೇ ಅವುಗಳ ಕೆಲಸ. ಆಮೇಲಿನದ್ದೆಲ್ಲ ನೆಲಕ್ಕೆ ಬಿಟ್ಟದ್ದು.

ಅರ್ಥ್ ಗುಂಡಿ, ಅಂದರೆ ಕರೆಂಟ್ ನೆಲಕ್ಕೆ ಇಳಿಯಲೆಂದು ಇದ್ದಿಲು, ಉಪ್ಪು ತುಂಬಿದ ಗುಂಡಿ, ಅಗೆಸಿದೆ. ಇದ್ದಿಲು ಬೂದಿಯ ಹಾಗೆ ಒಣಗಿತ್ತು. ಉಪ್ಪು ಹಿಂದಿನ ಮಳೆಗಾಲಗಳಲ್ಲೇ ತೊಳೆದು ಹೋಗಿತ್ತು. ಕ್ಲಾಂಪ್ ಹತ್ತಿರ ಜಿಐ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ತುಕ್ಕು ಹಪ್ಪಳದಂತೆ ಪುಡಿಯಾಗಿ ಉದುರಿತು, ಒಳಗೆ ಪೆನ್ಸಿಲ್ ಕಡ್ಡಿಯಷ್ಟು ಲೋಹ ಉಳಿದಿತ್ತು. ನೆಲಕ್ಕೆ ಇಳಿಯುವ ದಾರಿಯ ತಡೆ (ರೆಸಿಸ್ಟೆನ್ಸ್) ಅಳೆದರೆ 42 ಓಮ್. ಸಾಲದ್ದಕ್ಕೆ ಟಿಸಿಯ ಎಣ್ಣೆ ಟ್ಯಾಂಕಿನ ಅರ್ಥ್ ಬೇರೆ ಗುಂಡಿಗೆ ಹೋಗಿತ್ತು, ಎರಡಕ್ಕೂ ಜೋಡಣೆಯೇ ಇಲ್ಲ. ಹೊಸ ಎಲ್‌ಎ ಹಾಕುವಾಗ ನಾನು ಹಳೇ ಪಟ್ಟಿಗೇ ಬಿಗಿದು ಬಂದಿದ್ದೆ. ಅಳೆದಿರಲಿಲ್ಲ.

ಲೆಕ್ಕ ಹಾಕಿ ನೋಡಿ. 5,000 ಆಂಪಿಯರ್ 42 ಓಮ್‌ನಲ್ಲಿ ಇಳಿದರೆ 2 ಲಕ್ಷ ವೋಲ್ಟ್ ದಾಟುತ್ತದೆ. ಇಂಥ ಟ್ರಾನ್ಸ್‌ಫಾರ್ಮರ್ ಸಿಡಿಲಿನ ಹೊಡೆತ ತಾಳುವುದು 75 ಕೆವಿ (75 ಸಾವಿರ ವೋಲ್ಟ್), ಕೆಲವು 95. ಎರಡೂ ಅರ್ಥ್ ಜೋಡಿಸದಿದ್ದರೆ ಆ ಹೊರೆ ನೇರವಾಗಿ ವೈಂಡಿಂಗ್ ಮೇಲೆ ಬೀಳುತ್ತದೆ. ಎಲ್‌ಎ ಪಾಪ, ತನ್ನ ಕೆಲಸ ಮಾಡಿತ್ತು.

ನಮ್ಮ ಪಕ್ಕದ ಮನೆಯವರು ನೌಕಾಪಡೆಯಲ್ಲಿ ಇದ್ದವರು. ವಿಕ್ರಮಾದಿತ್ಯ ಹಡಗಿನ ಮೇಲೆ ವಿಮಾನ ಇಳಿಯುವಾಗ ಅದರ ಬಾಲದ ಕೊಕ್ಕೆ ಹಿಡಿಯಲು ಮೂರು ಉಕ್ಕಿನ ತಂತಿ ಅಡ್ಡ ಇರುತ್ತವಂತೆ. "ತಂತಿ ಬರೀ ಹಿಡಿಯುತ್ತೆ, ವೇಗ ಎಲ್ಲ ನುಂಗೋದು ಡೆಕ್ ಕೆಳಗಿನ ಯಂತ್ರ" ಅಂದರು. ಅದಕ್ಕೂ ಅರೆಸ್ಟರ್ ಅಂತಲೇ ಹೆಸರು. ನನ್ನ ಗುಂಡಿಯೂ ಡೆಕ್ ಕೆಳಗಿನ ಯಂತ್ರವೇ ಅಲ್ವಾ ಅನ್ನಿಸಿತು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಸಿಡಿಲು ಜಾಸ್ತಿ ಮಾರ್ಚ್‌ನಿಂದ ಮೇವರೆಗೆ. ಮೊದಲ ಗುಡುಗಿನ ಹೊತ್ತಿಗೆ ಮಣ್ಣು ವರ್ಷದಲ್ಲೇ ಅತಿ ಒಣಗಿರುತ್ತದೆ. ಜುಲೈಯಲ್ಲಿ ಅಳೆದರೆ ರೀಡಿಂಗ್ ಸೊಗಸಾಗಿ ಬರುತ್ತದೆ, ಆದರೆ ಆಗ ಮಳೆ ಇದ್ದಷ್ಟು ಸಿಡಿಲು ಇರುವುದಿಲ್ಲ. ಅದಕ್ಕೆ ಈಗ ನಾನು ಫೆಬ್ರವರಿಯಲ್ಲೇ ಅಳೆಯುತ್ತೇನೆ, ಲೈನ್ ಕ್ಲಿಯರ್ (ಲೈನಿನ ಕರೆಂಟ್ ತೆಗೆಸಿ ಕೆಲಸ ಮಾಡಲು ಅನುಮತಿ) ತಗೊಂಡು, ಟಿಸಿ ಆಫ್ ಮಾಡಿಸಿ. 5 ಓಮ್ ಒಳಗೆ ಬರಬೇಕು. ಎಲ್‌ಎ ತಂತಿಯನ್ನು ಗಿಡ್ಡವಾಗಿ, ನೇರವಾಗಿ ಇಳಿಸಿ ಟ್ಯಾಂಕಿಗೂ ಸೇರಿಸುತ್ತೇನೆ. ಚೆನ್ನಾಗಿ ಕಾಣಲಿ ಅಂತ ಸುತ್ತಿ ಬಿಡುವವರಿದ್ದಾರೆ. ಸಿಡಿಲಿನ ವೇಗಕ್ಕೆ ಒಂದು ಮೀಟರ್ ಹೆಚ್ಚುವರಿ ತಂತಿಯೂ ಸಾವಿರಾರು ವೋಲ್ಟ್ ಸೇರಿಸುತ್ತದೆ.

ತೋಟದವರು ಒಂದು ನೋಡಿಕೊಳ್ಳಿ. ಕೆಲವು ಎಲ್‌ಎಗಳ ಬುಡದಲ್ಲಿ ಡಿಸ್ಕನೆಕ್ಟರ್ ಇರುತ್ತದೆ. ಎಲ್‌ಎ ಕೆಟ್ಟರೆ ಅದು ಸಿಡಿದು ಅರ್ಥ್ ತಂತಿ ಕಳಚಿ ನೇತಾಡುತ್ತದೆ. ಕರೆಂಟ್ ಇದ್ದೇ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಕೆಳಗಿಂದಲೇ ನೋಡಿ ಲೈನ್‌ಮನ್‌ಗೆ ಹೇಳಿ, ಕಂಬ ಮುಟ್ಟಬೇಡಿ.

ಆ ತೋಟದಲ್ಲಿ ಈಗ ಹೊಸ ಗುಂಡಿ ಎರಡು, ಒಂದಕ್ಕೊಂದು ಜೋಡಿಸಿದ್ದು. ಸ್ಪ್ರಿಂಕ್ಲರ್ ಹಾಕುವ ದಿನ ರೈಟರ್ ಅದಕ್ಕೂ ನಾಲ್ಕು ಕೊಡ ನೀರು ಹಾಕಿಸುತ್ತಾರೆ. ಕಳೆದ ಫೆಬ್ರವರಿಯಲ್ಲಿ 3.8 ಓಮ್ ಇತ್ತು.